ಮೇ ತಿಂಗಳ ರೇಸಿಗೆ ಹುಡುಗಿಯರ ರೋಯಿಂಗ್ ತಂಡ ಕಟ್ಟೋದು ಹೇಗೆ? ಕೊಡಗಿನ ಕೋಚ್‌ಗಳಿಗೆ ಒಂದು ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿಯುತ್ತಾ ಬಂದರೆ ಸಾಕು, ನನಗೆ ಒಂದೇ ಥರದ ಫೋನ್‌ಗಳು ಬರತೊಡಗುತ್ತವೆ. "ಮೇಡಂ, ನಮ್ಮ ಶಾಲೆಯಲ್ಲಿ ಹತ್ತು ಹನ್ನೆರಡು ಹುಡುಗಿಯರಿದ್ದಾರೆ, ಎಲ್ಲಾ ಹಾಕಿ ಆಡೋರು, ಒಳ್ಳೆ ದಮ್ ಇದೆ. ಮೇ ಹೊತ್ತಿಗೆ ರೋಯಿಂಗ್ ತಂಡ ಮಾಡಬಹುದಾ?" ಮಾಡಬಹುದು. ಆದರೆ ಎಲ್ಲರೂ ಮೊದಲು ಕೇಳೋದು ದಮ್ ಬಗ್ಗೆ, ಕೊನೆಗೆ ಕೇಳೋದು ನೀರು ಮತ್ತು ದಿನಗಳ ಬಗ್ಗೆ. ಅದು ಉಲ್ಟಾ ಆಗಬೇಕು. ನಮ್ಮ ಹುಡುಗಿಯರಿಗೆ ಕಾಲಲ್ಲಿ ಬಲ ಇದೆ, ಉಸಿರೂ ಇದೆ. ಇಲ್ಲಿ ಕೊರತೆ ಇರೋದು ದಿನಗಳಿಗೆ, ಮತ್ತೆ ನಿಧಾನವಾಗಿ ಹುಟ್ಟು ಹಾಕುವ ತಾಳ್ಮೆಗೆ.

ಶುರು ಮಾಡುವ ಮುನ್ನ ಕೆಲವು ಪದಗಳು. ರೋಯಿಂಗ್ ಅಂದರೆ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ಹುಟ್ಟು ಎಳೆಯೋದು. ದುಬಾರೆಯಲ್ಲೋ ಬರಪೊಳೆಯಲ್ಲೋ ರ‍್ಯಾಫ್ಟ್ ಹತ್ತಿದ ಮಕ್ಕಳು ಇಲ್ಲೇ ಮೊದಲು ತಬ್ಬಿಬ್ಬಾಗುತ್ತಾರೆ. ಅಲ್ಲಿ ಮುಂದೆ ನೋಡುತ್ತಾರೆ, ಇಲ್ಲಿ ಹಿಂದೆ. ಕೂರುವ ಸೀಟಿಗೆ ಚಕ್ರ ಇರುತ್ತದೆ, ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ, ಆದ್ದರಿಂದ ಕೆಲಸದ ಬಹುಪಾಲು ಕಾಲಿನದ್ದೇ. ಒಬ್ಬರ ಕೈಯಲ್ಲಿ ಎರಡು ಹುಟ್ಟು ಇದ್ದರೆ ಸ್ಕಲಿಂಗ್, ಒಂದೇ ಇದ್ದರೆ ಸ್ವೀಪ್. ನಾಲ್ಕು ಜನ ತಲಾ ಎರಡು ಹುಟ್ಟು ಹಿಡಿದು ಕೂರುವ ದೋಣಿ ಕ್ವಾಡ್. ಹುಟ್ಟು ಹಾಕದೆ ದಾರಿ ನೋಡಿ ದೋಣಿ ತಿರುಗಿಸುವವಳು ಕಾಕ್ಸ್.

ಹೊಸ ತಂಡಕ್ಕೆ ಕಾಕ್ಸ್ ಇರುವ ಕ್ವಾಡ್ ತಗೊಳ್ಳಿ, ಬೇರೆ ಯೋಚನೆ ಬೇಡ. ಬೆಳೆಯುವ ಬೆನ್ನಿಗೆ ಎರಡೂ ಕಡೆ ಸಮ ಭಾರ ಬೀಳುತ್ತದೆ, ದೋಣಿ ಅಷ್ಟು ಅಲ್ಲಾಡಲ್ಲ, ಮತ್ತೆ ಒಬ್ಬಳಾದರೂ ಮುಂದೆ ನೋಡುತ್ತಿರುತ್ತಾಳೆ.

1. ಮೊದಲು ಕ್ಯಾಲೆಂಡರ್ ಬಿಡಿಸಿ

ರೇಸ್ ದಿನದಿಂದ ಹಿಂದಕ್ಕೆ 12 ವಾರ ಎಣಿಸಿ. ಈಗ ಅದರಲ್ಲಿ ಹೋಗುವ ದಿನಗಳನ್ನು ಹೊಡೆದು ಹಾಕಿ. ಫೆಬ್ರುವರಿಯಲ್ಲಿ ಪ್ರಥಮ ಪಿಯುಸಿ ಪರೀಕ್ಷೆ. ಮಾರ್ಚ್ ಪೂರ್ತಿ ದ್ವಿತೀಯ ಪಿಯುಸಿ, ಎಸ್ಸೆಸ್ಸೆಲ್ಸಿ ಗಲಾಟೆ, ಅದು ಏಪ್ರಿಲ್ ಮೊದಲ ವಾರದವರೆಗೂ ಎಳೆಯುತ್ತದೆ. ಆಮೇಲೆ ಏಪ್ರಿಲ್, ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಿಂದ ನಡೆದು ಬಂದ ಹಬ್ಬ ಅದು, ಹೆಣ್ಣುಮಕ್ಕಳೂ ಮನೆತನದ ತಂಡದಲ್ಲಿ ಆಡುತ್ತಾರೆ, ನಿಮ್ಮ ಅತಿ ಗಟ್ಟಿ ಹುಡುಗಿಯೇ ಅಲ್ಲಿ ಸೆಂಟರ್ ಫಾರ್ವರ್ಡ್ ಆಗಿರುತ್ತಾಳೆ. ಅದರ ಮೇಲೆ ಮದುವೆ ಸೀಸನ್. ಹಾಕಿಗೆ ಹೋಗಬೇಡ ಅಂತ ಹೇಳಿದರೆ ನೀವೇ ಸೋಲ್ತೀರಿ. ಯಾವ ದಿನ ಮ್ಯಾಚ್ ಇದೆ ಅಂತ ಮೊದಲೇ ಬರೆಸಿಕೊಂಡು, ಆ ವಾರ ಅವಳಿಗೆ ದೋಣಿ ಕಡಿಮೆ ಮಾಡಿ.

ನನ್ನ ಸಲಹೆ: ಮುಖ್ಯ ದೋಣಿಗೆ ಎಂಟು, ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿಯವರನ್ನು ನೋಡಿ. ಬೋರ್ಡ್ ಪರೀಕ್ಷೆಯವರು ಏಪ್ರಿಲ್‌ನಲ್ಲಿ ಬಂದು ಸೇರಲಿ. ನಾಲ್ಕು ಸೀಟಿಗೆ ಕನಿಷ್ಠ ಏಳು ಜನ, ಜೊತೆಗೆ ಇಬ್ಬರು ಕಾಕ್ಸ್. ನಾಲ್ಕೇ ಜನರ ತಂಡ ಕಟ್ಟಿದರೆ ಒಬ್ಬಳಿಗೆ ಜ್ವರ ಬಂದ ದಿನ ಎಲ್ಲರೂ ದಡದಲ್ಲೇ.

ವಯಸ್ಸಿನ ದಾಖಲೆಯನ್ನು ಈಗಲೇ ತರಿಸಿ. ವಿಶ್ವ ರೋಯಿಂಗ್ ಸಂಸ್ಥೆಯ ನಿಯಮದಲ್ಲಿ ಜೂನಿಯರ್ ಅಂದರೆ 18 ತುಂಬುವ ವರ್ಷದ ಡಿಸೆಂಬರ್ 31ರವರೆಗೆ. ನಮ್ಮಲ್ಲಿ ಸಬ್ ಜೂನಿಯರ್ ಬೇರೆ ಇರುತ್ತದೆ. ಜನನ ಪ್ರಮಾಣಪತ್ರದಲ್ಲೊಂದು, ಆಧಾರ್‌ನಲ್ಲೊಂದು ತಾರೀಖು ಇದ್ದರೆ ಅದನ್ನು ಸರಿಮಾಡಿಸಲು ತಿಂಗಳೇ ಹಿಡಿಯಬಹುದು.

2. ನೀರು ಎಲ್ಲಿದೆ, ಯಾರನ್ನು ಕೇಳಬೇಕು

ಕೊಡಗಿನಲ್ಲಿ ನೀರು ಬೇಕಾದಷ್ಟಿದೆ, ಆದರೆ ರೋಯಿಂಗ್‌ಗೆ ಬೇಕಾದ ಸಮತಟ್ಟಾದ, ನೇರವಾದ, ಆಳವಾದ ನೀರು ಕಡಿಮೆ. ಕಾವೇರಿ ಹೊಳೆಯಲ್ಲಿ ಬೇಸಿಗೆಗೆ ಬಂಡೆ ಎದ್ದಿರುತ್ತದೆ, ಅದು ಆಗಲ್ಲ. ಚಿಕ್ಲಿಹೊಳೆ ಜಲಾಶಯ ಚಿಕ್ಕದು, ಮೊದಲ ಪಾಠಕ್ಕೆ ಸಾಕು. ಉದ್ದ ಬೇಕೆಂದರೆ ಕುಶಾಲನಗರದ ಹತ್ತಿರದ ಹಾರಂಗಿ. ಎಲ್ಲೇ ಆಗಲಿ, ಜಲಾಶಯ ನೋಡಿಕೊಳ್ಳುವ ನೀರಾವರಿ ನಿಗಮದ ಲಿಖಿತ ಅನುಮತಿ ಇಲ್ಲದೆ ದೋಣಿ ಇಳಿಸಬೇಡಿ. ಅಣೆಕಟ್ಟು, ಕ್ರೆಸ್ಟ್ ಗೇಟ್, ನಾಲೆಯ ಬಾಯಿ, ಇವುಗಳ ಹತ್ತಿರಕ್ಕೂ ಹೋಗುವಂತಿಲ್ಲ. ದಡ ಕಾಡಿಗೆ ತಾಗಿಕೊಂಡಿದ್ದರೆ ಅರಣ್ಯ ಇಲಾಖೆಗೂ ಒಂದು ಪತ್ರ ಕೊಡಿ.

ಇಲ್ಲಿ ಒಂದು ವಿಷಯ ಹೊರಗಿನ ಕೋಚ್‌ಗಳಿಗೆ ಗೊತ್ತಾಗಲ್ಲ. ಫೆಬ್ರುವರಿಯಲ್ಲಿ ನೀವು ನೋಡುವ ನೀರೇ ಬೇರೆ, ಏಪ್ರಿಲ್ ಕೊನೆಯ ನೀರೇ ಬೇರೆ. ದಿನ ದಿನಕ್ಕೂ ಇಳಿಯುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮರದ ಬೊಡ್ಡೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಪೂರ್ತಿ ಮೇಲೆ ಬಂದ ಬೊಡ್ಡೆಯಿಂದ ತೊಂದರೆ ಇಲ್ಲ, ಕಾಣುತ್ತೆ. ನೀರಿಗಿಂತ ಒಂದು ಗೇಣು ಕೆಳಗೆ ಇರೋದೇ ಅಪಾಯ. ದೋಣಿಯ ತಳದಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ, ಫಿನ್ ಅಂತಾರೆ, ದೋಣಿ ನೇರ ಹೋಗುವುದೇ ಅದರಿಂದ. ಬೊಡ್ಡೆಗೆ ತಾಗಿದರೆ ಮೊದಲು ಹಾರಿಹೋಗೋದು ಅದು, ನಸೀಬು ಕೆಟ್ಟರೆ ತಳವೂ ಸೀಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕೋಚ್ ಬೋಟಿನಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆದು, ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿ, ಖಾಲಿ ಕ್ಯಾನ್ ತೇಲಿಬಿಟ್ಟು ಗುರುತು ಮಾಡಿ. ಅಲ್ಲಿ ಮೀನು ಹಿಡಿಯುವವರ ಜೊತೆ ಮೊದಲ ದಿನವೇ ಸ್ನೇಹ ಮಾಡಿಕೊಳ್ಳಿ. ಯಾವ ಬೊಡ್ಡೆ ಎಲ್ಲಿದೆ ಅಂತ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು, ಮತ್ತೆ ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತಲೂ ಹೇಳ್ತಾರೆ. ಅವರ ಬಲೆ ಹರಿದು ನೀವು ಸುಮ್ನೆ ಬಂದರೆ ಆ ನೀರು ನಿಮಗೆ ಮುಗಿದ ಹಾಗೇ.

ಇನ್ನು ಆನೆ. ಬೆಳಗ್ಗೆ ಕತ್ತಲಲ್ಲಿ ಹುಡುಗಿಯರನ್ನು ದಡಕ್ಕೆ ನಡೆಸಿಕೊಂಡು ಹೋಗಬೇಡಿ. ವಾಹನ ದೋಣಿಯ ಹತ್ತಿರದವರೆಗೂ ಬರಲಿ, ಬೆಳಕು ಹರಿದ ಮೇಲೆ ಇಳಿಯಲಿ. ಅರಣ್ಯ ಇಲಾಖೆಯ ಆನೆ ತಂಡದವರ ನಂಬರ್ ಫೋನ್‌ನಲ್ಲಿ ಇರಲಿ, ಮನೆಯಿಂದ ಹೊರಡುವ ಮೊದಲು ಒಂದು ಕರೆ ಮಾಡಿ ಕೇಳಿ.

3. ಮನೆಯವರ ಒಪ್ಪಿಗೆ, ಈಜು, ರಕ್ತ ಪರೀಕ್ಷೆ

ಅಪ್ಪ ಅಮ್ಮನನ್ನು ಶಾಲೆಗೆ ಕರೆಯೋದಕ್ಕಿಂತ ನೀರಿನ ಹತ್ತಿರ ಕರೆಯಿರಿ. ದೋಣಿ, ಲೈಫ್ ಜಾಕೆಟ್, ಕೋಚ್ ಬೋಟು, ಬಟ್ಟೆ ಬದಲಿಸುವ ಜಾಗ, ಶೌಚಾಲಯ, ಎಲ್ಲಾ ತೋರಿಸಿ. ಕೊನೆಯ ಎರಡು ಇಲ್ಲದಿದ್ದರೆ ಸೀಸನ್ ಶುರು ಮಾಡಲೇಬೇಡಿ. ಟಾರ್ಪಾಲಿನ ಮರೆ ಕಟ್ಟಿ ಹೇಗೋ ನಡೀತದೆ ಅಂದುಕೊಂಡ ತಂಡದಲ್ಲಿ ಹುಡುಗಿಯರು ನೀರು ಕುಡಿಯೋದನ್ನೇ ಬಿಡುತ್ತಾರೆ, ಆಮೇಲೆ ಒಬ್ಬೊಬ್ಬರೇ ಬರೋದನ್ನೂ ಬಿಡುತ್ತಾರೆ. ಇದರಿಂದ ಮುಂದೆ ಏನು ಅಂತ ಕೇಳುವವರಿಗೆ 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್ ಹೇಳಿ. ಅಲ್ಲಿ ಇಬ್ಬರ ದೋಣಿಯಲ್ಲಿ ಕಂಚು ಗೆದ್ದ ಪ್ರತಿಮಾ ಪುಹಾನ, ಪ್ರಮೀಳಾ ಪ್ರವಾ ಮಿಂಜ್ ಇಬ್ಬರೂ ಒಡಿಶಾದ ಹುಡುಗಿಯರು. ಹೇಗೂ ಕೊಡಗಿನಲ್ಲಿ ಮನೆಗೊಬ್ಬರು ಸೈನ್ಯದಲ್ಲಿರುತ್ತಾರೆ. ರೋಯಿಂಗ್ ಅಂದರೆ ಏನು ಅಂತ ಅವರಿಗೆ ಗೊತ್ತಿರುತ್ತೆ, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರು ಹುಟ್ಟು ಹಾಕೋದನ್ನು ನೋಡಿದವರೂ ಇರುತ್ತಾರೆ. ಅವರಿಂದ ಒಂದು ಮಾತು ಹೇಳಿಸಿ.

ಈಜು ಪರೀಕ್ಷೆಯಲ್ಲಿ ರಿಯಾಯಿತಿ ಇಲ್ಲ. ಟೀ ಶರ್ಟ್, ಶಾರ್ಟ್ಸ್ ಹಾಕಿಕೊಂಡೇ 50 ಮೀಟರ್ ಈಜಬೇಕು, ಎರಡು ನಿಮಿಷ ತೇಲಿ ನಿಲ್ಲಬೇಕು, ನೀರಿನಲ್ಲೇ ಲೈಫ್ ಜಾಕೆಟ್ ಹಾಕಿಕೊಳ್ಳಬೇಕು. "ಜಾಕೆಟ್ ಇದೆಯಲ್ವಾ ಮೇಡಂ" ಅನ್ನುವವರಿಗೆ ನನ್ನ ಉತ್ತರ, ಮೊದಲು ಈಜು, ಆಮೇಲೆ ದೋಣಿ. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಬಾರದು, ದೋಣಿಯನ್ನೇ ಹಿಡಿದು ತೇಲಬೇಕು. ಹೇಳಿದರೆ ಸಾಲದು, ಆಳ ಕಡಿಮೆ ಇರುವ ಕಡೆ ಬೇಕಂತಲೇ ಮಗುಚಿ ಕಲಿಸಿ.

ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಹುಡುಗಿಯರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥವಳು ಸುಸ್ತು ಅಂದಾಗ ಸೋಮಾರಿ ಅಂತ ಬೈದರೆ ಏನೂ ಬರಲ್ಲ, ಡಾಕ್ಟರ್ ಹತ್ತಿರ ಕಳಿಸಿ. ನಮ್ಮ ಕಡೆ ಇನ್ನೊಂದು ಅಭ್ಯಾಸ, ಊಟದ ಬೆನ್ನಿಗೇ ಬೆಲ್ಲದ ಕಾಫಿ. ಕಾಫಿ, ಟೀ ಎರಡೂ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ. ಕಾಫಿ ಬಿಡಿ ಅಂತ ಕೊಡಗಿನಲ್ಲಿ ಹೇಳೋಕಾಗುತ್ತಾ? ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇರಲಿ, ಅಷ್ಟೇ. ಎಲ್ಲರ ಮುಂದೆ ತೂಕ ನೋಡಬೇಡಿ, ತೂಕ ಇಳಿಸು ಅಂತ ಯಾರಿಗೂ ಹೇಳಬೇಡಿ. ಮುಟ್ಟು ನಿಂತರೆ ಅಥವಾ ತಪ್ಪುತ್ತಾ ಹೋದರೆ ಅದು ಊಟ ಕಡಿಮೆ, ಶ್ರಮ ಜಾಸ್ತಿ ಆಗಿರುವುದರ ಗುರುತಾಗಿರಬಹುದು, ಮುಚ್ಚಿಡದೆ ಹೇಳುವಂತೆ ಒಬ್ಬ ಟೀಚರ್ ಅಥವಾ ಹಿರಿಯ ಹೆಂಗಸು ತಂಡದ ಜೊತೆ ಇರಲೇಬೇಕು.

4. ಎರಡು ವಾರ ದಡದ ಮೇಲೆ

ಎರ್ಗೋಮೀಟರ್, ಎರ್ಗ್ ಅಂತಾರೆ, ರೋಯಿಂಗ್ ಯಂತ್ರ. ಇದು ಎರಡಿದ್ದರೂ ಸಾಕು. ಪಕ್ಕದಲ್ಲಿ ಒಂದು ಸನ್ನೆ (ಲಿವರ್) ಇರುತ್ತದೆ, 1ರಿಂದ 10ರವರೆಗೆ. ಬಂದವರೆಲ್ಲ ಅದನ್ನು 10ಕ್ಕೆ ಎಳೆದಿಡುತ್ತಾರೆ, ಜಾಸ್ತಿ ಅಂದರೆ ಒಳ್ಳೇದು ಅಂತ. ತಪ್ಪು. ಅದು ಗಾಳಿ ಎಷ್ಟು ಒಳಗೆ ಹೋಗಬೇಕು ಅನ್ನೋದನ್ನು ಹೇಳುತ್ತದೆ, ಜಾಸ್ತಿ ಮಾಡಿದರೆ ಪ್ರತಿ ಎಳೆತವೂ ಭಾರವಾಗಿ ಸೊಂಟಕ್ಕೆ ಬೀಳುತ್ತದೆ. ಹುಡುಗಿಯರಿಗೆ 3 ಅಥವಾ 4.

ಇಲ್ಲಿ ಕಲಿಸಬೇಕಾದದ್ದು ಕ್ರಮ ಮಾತ್ರ. ಎಳೆಯುವಾಗ ಮೊದಲು ಕಾಲು, ಆಮೇಲೆ ಸೊಂಟದಿಂದ ಬೆನ್ನು, ಕೊನೆಗೆ ಕೈ. ವಾಪಸ್ ಹೋಗುವಾಗ ಕೈ, ಬೆನ್ನು, ಕಾಲು. ಹಾಕಿಯವರಿಗೆ ಬಗ್ಗಿ ಆಡಿ ಅಭ್ಯಾಸ, ಬೆನ್ನು ಗೂನಾಗುತ್ತದೆ. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಅಲ್ಲೇ ತೋರಿಸಿ, ಹತ್ತು ಸಲ ಕೂಗೋದಕ್ಕಿಂತ ಅದು ವಾಸಿ. ಎರ್ಗ್ ಸಿಗದವರಿಗೆ ಸ್ಕ್ವಾಟ್, ಪ್ಲ್ಯಾಂಕ್, ಮೆಟ್ಟಿಲು. ಏರಿನಲ್ಲಿ ಓಡಿಸಿ, ಇಳಿಜಾರಿನಲ್ಲಿ ನಡೆಸಿ, ಮೊಣಕಾಲು ಉಳಿಯುತ್ತದೆ.

5. ದೋಣಿ ಮುಟ್ಟುವ ಮೊದಲು

ದೋಣಿಯ ಮೈ ತೆಳು. ಒಳಗೆ ಕಾಲಿಡಲು ಒಂದು ಹಲಗೆಯಷ್ಟೇ ಜಾಗ ಇರುತ್ತದೆ, ಅದನ್ನು ಬಿಟ್ಟು ಬೇರೆ ಕಡೆ ತುಳಿದರೆ ತೂತು. ಮೊದಲ ದಿನ ಎತ್ತೋದು, ತಿರುಗಿಸೋದು, ಇಡೋದು ಇಷ್ಟನ್ನೇ ಮಾಡಿಸಿ. ಎಲ್ಲರಿಗೂ 10 ಮತ್ತು 13ರ ಸ್ಪ್ಯಾನರ್ ಪರಿಚಯ ಆಗಲಿ. ನಟ್ ಬಿಗಿ ಮಾಡೋಕೆ ಅಣ್ಣನನ್ನು ಕರೆಯುವ ತಂಡ ಬೇಡ.

ಪ್ರತಿ ಸಲ ನೋಡಬೇಕಾದ ಎರಡು ವಸ್ತು. ಒಂದು, ಮೂತಿಯ ತುದಿಯ ರಬ್ಬರ್ ಚೆಂಡು. ಇನ್ನೊಬ್ಬರಿಗೆ ಡಿಕ್ಕಿ ಹೊಡೆದಾಗ ಚುಚ್ಚದಿರಲು ಅದು. ಎರಡು, ದೋಣಿಯೊಳಗಿನ ಶೂಗಳ ಹಿಮ್ಮಡಿಗೆ ಕಟ್ಟಿದ ದಾರ. ಮಗುಚಿದಾಗ ಶೂ ಮೇಲೆ ಏಳದಂತೆ ಅದು ಹಿಡಿದುಕೊಳ್ಳುತ್ತದೆ, ಆಗ ಕಾಲು ತಾನಾಗಿ ಹೊರಬರುತ್ತದೆ. ದಾರ ತುಂಡಾಗಿದ್ದರೆ ಆ ದಿನ ದೋಣಿ ಇಳಿಯಲ್ಲ, ಯಾರು ಏನೇ ಹೇಳಲಿ.

ಸಡಿಲ ಟೀ ಶರ್ಟ್ ಬೇಡ. ಹುಟ್ಟಿನ ಹಿಡಿ ಹೊಟ್ಟೆಯ ಹತ್ತಿರ ಬಂದಾಗ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಆ ಕ್ಷಣಕ್ಕೆ ದೋಣಿ ಓರೆ. ಜಡೆ ಬಿಗಿಯಾಗಿ ಕಟ್ಟಲಿ, ಬಳೆ, ಉಂಗುರ ಮನೆಯಲ್ಲಿರಲಿ.

6. ನಿಧಾನದ ವಾರಗಳು

ಎಲ್ಲರೂ ಎಡವುವ ಹಂತ ಇದು. ಎಷ್ಟು ಬೇಸರದ ಕೆಲಸ ಅಂದರೆ ಕೋಚ್‌ಗೇ ತಾಳ್ಮೆ ತಪ್ಪುತ್ತದೆ.

ಮೊದಲ ನಾಲ್ಕೈದು ದಿನ ಇಬ್ಬರು ಹುಟ್ಟು ಹಾಕಲಿ, ಇಬ್ಬರು ಹುಟ್ಟನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ದೋಣಿಯನ್ನು ಸಮವಾಗಿ ಹಿಡಿದಿರಲಿ. ಕೈಗಳು ಮಧ್ಯದಲ್ಲಿ ಒಂದರ ಮೇಲೊಂದು ಬರುತ್ತವೆ, ಎಡಗೈ ಮೇಲೆ, ಬಲಗೈ ಕೆಳಗೆ, ಮೈಗೆ ಸ್ವಲ್ಪ ಹತ್ತಿರ. ಗೆಣ್ಣು ತರಚುವುದು ಇಲ್ಲೇ. ಆಮೇಲೆ ನಾಲ್ವರೂ. ನಿಮಿಷಕ್ಕೆ 18ರಿಂದ 20 ಸಲ ಹುಟ್ಟು ಹಾಕಿದರೆ ಸಾಕು, ಇದನ್ನೇ ಸ್ಟ್ರೋಕ್ ರೇಟ್ ಅನ್ನೋದು. ಎಳೆಯಲು ಒಂದು ಪಾಲು ಸಮಯ, ವಾಪಸ್ ಬರಲು ಎರಡು ಪಾಲು. ಈ ವಾಪಸ್ ಬರುವುದಕ್ಕೆ ರಿಕವರಿ ಅಂತಾರೆ, ಹೊಸಬರು ಇದನ್ನೇ ಓಡಿಸುತ್ತಾರೆ. ಸೀಟು ಧಡ್ ಅಂತ ಮುಂದಕ್ಕೆ ಹೋದಾಗ ನಾಲ್ಕು ಜನರ ಮೈಭಾರ ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಕಷ್ಟಪಟ್ಟು ಎಳೆದ ವೇಗ ಅಲ್ಲೇ ಸೋರಿಹೋಗುತ್ತದೆ.

ಇದು ಸರಿಯಾಗಿದೆಯಾ ಅಂತ ತಿಳಿಯಲು ಹುಡುಗಿಯರ ಮುಖ ನೋಡಬೇಡಿ, ನೀರು ನೋಡಿ. ಹುಟ್ಟು ನೀರಿನಿಂದ ಮೇಲೆದ್ದ ಜಾಗದಲ್ಲಿ ಒಂದು ಸುಳಿ ಉಳಿಯುತ್ತದೆ. ಚೆನ್ನಾಗಿ ಎಳೆದದ್ದಾದರೆ ಆ ಸುಳಿ ಬಿಗಿಯಾಗಿ, ಕಪ್ಪಗೆ, ತಿರುಗುತ್ತಾ ಹಿಂದೆ ಹೋಗುತ್ತದೆ. ಬಿಳಿ ನೊರೆ, ಗುಳ್ಳೆ ಎದ್ದರೆ ಹುಟ್ಟು ಗಾಳಿಯನ್ನೂ ಎಳೆದಿದೆ, ಅಂದರೆ ನೀರಿಗೆ ಇಳಿಯುವ ಮೊದಲೇ ಕಾಲು ತಳ್ಳಿದ್ದಾಳೆ. ಒಂದು ಬದಿಯ ನಾಲ್ಕು ಸುಳಿಗಳಲ್ಲಿ ಮೂರು ಕಪ್ಪು, ಒಂದು ಬಿಳಿ ಇದ್ದರೆ ಯಾರನ್ನು ತಿದ್ದಬೇಕು ಅಂತ ನಿಮಗೆ ಗೊತ್ತಾಯ್ತು. ಈ ಕಪ್ಪು ಸುಳಿ, ಬಿಳಿ ಸುಳಿ ಆಟ ಹುಡುಗಿಯರಿಗೂ ಬಹಳ ಇಷ್ಟ, ಕಾಕ್ಸ್‌ಗೆ ಎಣಿಸಲು ಹೇಳಿ.

ಹುಟ್ಟು ಓರೆಯಾಗಿ ಇಳಿದು ನೀರಿನಲ್ಲಿ ಸಿಕ್ಕಿಕೊಂಡರೆ ಹಿಡಿ ಹೊಟ್ಟೆಗೆ ಬಡಿಯುತ್ತದೆ. ಆಗ ಜಗ್ಗಾಡಬಾರದು. ಹಿಂದಕ್ಕೆ ಬಾಗಿ, ಹಿಡಿಯನ್ನು ತಲೆಯ ಮೇಲಿಂದ ಹೋಗಲು ಬಿಡಬೇಕು. ಉಳಿದವರು ತಕ್ಷಣ ನಿಲ್ಲಿಸಬೇಕು.

ಒಂದು ದಿನದ ಲೆಕ್ಕ ಹೀಗಿರಲಿ: 15 ನಿಮಿಷದ ಮೂರು ಓಟ, ಮಧ್ಯೆ ನೀರು ಕುಡಿದು ತಿದ್ದಲು ನಾಲ್ಕೈದು ನಿಮಿಷ. ಹುಟ್ಟು ಹಾಕುತ್ತಲೇ ಪಕ್ಕದವಳ ಜೊತೆ ಒಂದು ವಾಕ್ಯ ಮಾತಾಡಲು ಆಗಬೇಕು, ಏದುಸಿರು ಬಂದರೆ ಅದು ನಿಧಾನ ಅಲ್ಲ. ಮೊದಲ ಎಂಟು ವಾರದ ಅಭ್ಯಾಸದಲ್ಲಿ ಬಹುಪಾಲು ಹೀಗೇ ಇರಬೇಕು. ಅಂಗೈಯಲ್ಲಿ ಬೊಬ್ಬೆ ಬರುತ್ತದೆ. ಗ್ಲೌಸ್ ಬೇಡ, ಹಿಡಿತ ಕೆಡುತ್ತದೆ. ತೊಳೆದು, ಒಣಗಿಸಿ, ಟೇಪ್ ಸುತ್ತಿ, ಹಿಡಿಗಳನ್ನೂ ಸೋಪಿನಿಂದ ತೊಳೆಯಿರಿ.

ಹವಾಮಾನದ ಎರಡು ಮಾತು. ಫೆಬ್ರುವರಿಯ ಮಂಜು ಚೆಂದ, ಆದರೆ ಎದುರು ದಡ ಕಾಣದಿದ್ದರೆ ಇಳಿಯಬೇಡಿ. ಹುಟ್ಟು ಹಾಕುವವರು ಮೊದಲೇ ಬೆನ್ನು ಹಾಕಿ ಕೂತಿರುತ್ತಾರೆ ಅಲ್ವಾ. ಮಾರ್ಚ್‌ನಿಂದ ಹೂಮಳೆ. ತೋಟದವರು ಕಾಯುವ ಆ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ, ಅದೂ ಮಧ್ಯಾಹ್ನದ ಮೇಲೆ. ಆದ್ದರಿಂದ ಅಭ್ಯಾಸ ಬೆಳಗ್ಗೆ ಮಾತ್ರ. ಗುಡುಗು ಕೇಳಿದ ಕೂಡಲೇ ದಡಕ್ಕೆ, ಕೊನೆಯ ಗುಡುಗು ಆಗಿ 30 ನಿಮಿಷ ಕಳೆಯುವವರೆಗೆ ನೀರಿಗಿಲ್ಲ.

7. ಯಾರಿಗೆ ಯಾವ ಸೀಟು

ಎರ್ಗ್ ಸಮಯ ನೋಡಿ ಮೇಲಿನ ನಾಲ್ವರನ್ನು ಆರಿಸುವುದು ಸುಲಭ, ಅದಕ್ಕೇ ಎಲ್ಲರೂ ಹಾಗೇ ಮಾಡುತ್ತಾರೆ. ಭಾರ ಇರುವವಳು ಎರ್ಗ್‌ನಲ್ಲಿ ಮುಂದೆ ಇರುತ್ತಾಳೆ, ದೋಣಿಯಲ್ಲಿ ಆ ಭಾರವನ್ನು ಹೊತ್ತುಕೊಂಡೂ ಹೋಗಬೇಕು. ಒಬ್ಬಳನ್ನು ಮಾತ್ರ ಬದಲಿಸಿ, ಒಂದೇ ಸ್ಟ್ರೋಕ್ ರೇಟ್‌ನಲ್ಲಿ, ಒಂದೇ ಬೆಳಗ್ಗೆ 500 ಮೀಟರ್ ಓಡಿಸಿ ಗಡಿಯಾರ ನೋಡಿ. ಗಾಳಿ ಎದ್ದರೆ ಆ ಲೆಕ್ಕ ಬಿಟ್ಟುಬಿಡಿ.

ಹಿಂಭಾಗದ, ಕಾಕ್ಸ್‌ಗೆ ಎದುರಾಗಿ ಕೂರುವ ಸೀಟು ಸ್ಟ್ರೋಕ್. ಲಯ ಅವಳದ್ದು, ಉಳಿದವರು ಅವಳ ಬೆನ್ನು ನೋಡಿಕೊಂಡು ಹಾಕುತ್ತಾರೆ. ಬಲಿಷ್ಠಳಿಗಿಂತ ಗಾಬರಿ ಆಗದವಳನ್ನು ಅಲ್ಲಿ ಕೂರಿಸಿ. ಕಾಕ್ಸ್ ಅಂದರೆ ತಂಡದ ಪುಟ್ಟ ಹುಡುಗಿ ಅಂತಲ್ಲ. ವಿಶ್ವ ನಿಯಮದಲ್ಲಿ ಕಾಕ್ಸ್‌ಗೆ ಕನಿಷ್ಠ 55 ಕೆಜಿ, ಕಡಿಮೆ ಇದ್ದರೆ ತೂಕ ಇಟ್ಟುಕೊಂಡು ಸರಿದೂಗಿಸಬೇಕು. ನಿಮ್ಮ ಕೂಟದ ನಿಯಮ ಕೇಳಿಕೊಳ್ಳಿ. ಗಂಟಲು, ತಲೆ ಎರಡೂ ಚುರುಕಾಗಿರುವವಳು ಬೇಕು.

8. ಕೊನೆಯ ನಾಲ್ಕು ವಾರ

ಈಗ ವೇಗ. ರೇಸಿನ ದೂರ ಎಷ್ಟು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹೆಂಗಸರ ರೋಯಿಂಗ್ 1976ರಲ್ಲಿ ಒಲಿಂಪಿಕ್ಸ್‌ಗೆ ಬಂದಾಗ 1000 ಮೀಟರ್ ಇತ್ತು, 1988ರಿಂದ ಗಂಡಸರಷ್ಟೇ 2000. ಚಿಕ್ಕವರ ಕೂಟಗಳಲ್ಲಿ ಕಡಿಮೆ ದೂರವೂ ಇರುತ್ತದೆ, 500ಕ್ಕೂ 2000ಕ್ಕೂ ಒಂದೇ ತಯಾರಿ ಆಗಲ್ಲ.

ವಾರಕ್ಕೆ ಎರಡೇ ದಿನ ಜೋರು. ಒಂದು ದಿನ 1000 ಮೀಟರಿನ ಮೂರು ಓಟ, ರೇಟ್ 26ರಿಂದ 28. ಇನ್ನೊಂದು ದಿನ 500ರ ಐದು, ರೇಸಿನ ರೇಟ್‌ಗೆ, ಅಂದರೆ 32ರ ಆಸುಪಾಸು. ಉಳಿದ ದಿನ ಮತ್ತೆ ನಿಧಾನ. ರೇಟ್ ಏರಿಸಿದ ಕೂಡಲೇ ಸುಳಿಗಳು ಬಿಳಿಯಾದರೆ ಎರಡು ಇಳಿಸಿ, ಅಲ್ಲೇ ನಿಲ್ಲಿಸಿ. ಪಕ್ಕೆಲುಬಿನ ಹತ್ತಿರ ಒಂದೇ ಜಾಗದಲ್ಲಿ ನೋವು, ಸೀನಿದರೂ ಚುಚ್ಚುತ್ತೆ ಅಂದರೆ ಆ ದಿನವೇ ದೋಣಿಯಿಂದ ಇಳಿಸಿ ಡಾಕ್ಟರಿಗೆ ತೋರಿಸಿ, ಎಲುಬಿನಲ್ಲಿ ಕೂದಲೆಳೆ ಬಿರುಕು ಇರಬಹುದು.

ಸ್ಟಾರ್ಟ್ ಅಭ್ಯಾಸ ಕೊನೆಯ ಹತ್ತು ದಿನಕ್ಕೆ ಸಾಕು. ಮೊದಲ ಎಳೆತಗಳು ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ಕೊನೆಯ ವಾರ ಅಭ್ಯಾಸ ಅರ್ಧಕ್ಕೆ ಇಳಿಸಿ. ಹುಡುಗಿಯರು ಚಡಪಡಿಸುತ್ತಾರೆ, ಚಡಪಡಿಸಲಿ.

9. ರೇಸಿನ ದಿನ ಮತ್ತು ಆಮೇಲೆ

ಹಿಂದಿನ ದಿನವೇ ಹೋಗಿ ಅಲ್ಲಿನ ನೀರಿನಲ್ಲಿ ಒಮ್ಮೆ ಹುಟ್ಟು ಹಾಕಿಸಿ. ಘಾಟಿ ರಸ್ತೆಯಲ್ಲಿ ವಾಂತಿ ಮಾಡಿಕೊಂಡು ಇಳಿದ ತಂಡ ಅದೇ ಬೆಳಗ್ಗೆ ಓಡಲ್ಲ. ತಿಂಡಿ ಮೂರು ಗಂಟೆ ಮೊದಲು, ಮನೆಯಲ್ಲಿ ತಿನ್ನುವಂಥದ್ದೇ: ಅಕ್ಕಿ ರೊಟ್ಟಿ, ಮೊಟ್ಟೆ, ಬಾಳೆಹಣ್ಣು. ಹೊಸ ರುಚಿ ನೋಡುವ ದಿನ ಅದಲ್ಲ. ಸ್ಪ್ಯಾನರ್, ಒಂದಷ್ಟು ನಟ್ಟು, ಇನ್ನೊಂದು ಫಿನ್, ಟೇಪ್, ಪ್ಯಾಡ್, ದಾಖಲೆಗಳ ಜೆರಾಕ್ಸ್, ಇವು ಒಂದೇ ಚೀಲದಲ್ಲಿರಲಿ, ಆ ಚೀಲ ಒಬ್ಬಳದ್ದೇ ಜವಾಬ್ದಾರಿ.

ವಾಪಸ್ ಬಂದ ಮೇಲೆ ದೋಣಿ ತೊಳೆದು, ಒಣಗಿಸಿ, ಕವುಚಿ ಹಾಕಿ. ಆದರೆ ಮೇ ತಿಂಗಳ ದಡ ಇರುವಲ್ಲಿ ಬಿಡಬೇಡಿ. ಹಾರಂಗಿಯ ಪೂರ್ಣ ಮಟ್ಟ 2859 ಅಡಿ, 8.5 ಟಿಎಂಸಿಯ ಸಣ್ಣ ಜಲಾಶಯ, ಮಳೆ ಹಿಡಿದರೆ ನೀರು ನೋಡನೋಡುತ್ತಲೇ ಏರುತ್ತದೆ. ಜೂನ್ ಮೊದಲ ವಾರದೊಳಗೆ ಪೂರ್ಣ ಮಟ್ಟದ ಗೆರೆಗಿಂತ ಮೇಲೆ, ಮರದ ಕೆಳಗಲ್ಲದ ಒಂದು ಶೆಡ್‌ಗೆ ಹೊತ್ತು ಹಾಕಿ ಬೀಗ ಜಡಿಯಿರಿ.